ಎದೆಯ ಮೇಲಿನ ಬೆಳ್ಳಿ, ಎದೆಯೊಳಗಿನ ಗಡ್ಡೆ

ಗದ್ವಾಲದ ಆ ಕಿರಾಣಿ ವ್ಯಾಪಾರಿ ನನ್ನ ಹತ್ತಿರ ಬಂದದ್ದು ಸಲಹೆ ಕೇಳುವುದಕ್ಕಲ್ಲ. ತಮ್ಮ ಅಕ್ಕನ ಎದೆಯ ಸಿ.ಟಿ. ಸ್ಕ್ಯಾನಿನ ಫಿಲ್ಮಿನ ಇನ್ನೊಂದು ಪ್ರತಿ ಅವರಿಗೆ ಬೇಕಾಗಿತ್ತು. ಮೊದಲಿನದು ಎದೆಯ ಡಾಕ್ಟರ ಹತ್ತಿರ ಉಳಿದಿತ್ತು. ಗಟ್ಟು ಊರಿನ ಕಡೆ ಯಾರೋ ಬೇರು-ನಾರಿನ ಔಷಧಿ ಕೊಡುತ್ತಾರೆಂದು ಕೇಳಿ, ಅವರಿಗೆ ತೋರಿಸಲು ಹೊರಟಿದ್ದರು.

"ಅವರಿಗೆ ಸ್ಕ್ಯಾನ್ ಫಿಲ್ಮ್ ಓದಲಿಕ್ಕೆ ಬರ್ತದೇನ್ರಿ?" ಎಂದು ಕೇಳಿದೆ. ನನ್ನ ನಾಲಿಗೆ ಸ್ವಲ್ಪ ಹರಿತ.

"ಬರಂಗಿಲ್ರಿ ಮೇಡಂ. ಆದ್ರ ಕೈಯಾಗ ಏನಾರ ಹಿಡಕೊಂಡು ಹೋದ್ರ ನಮಗ ಧೈರ್ಯ."

ಕಂಪ್ಯೂಟರಿನಲ್ಲಿ ಅವರ ಅಕ್ಕನ ಹೆಸರು ಹುಡುಕಿದೆ.

ನಾರಾಯಣಪೇಟೆಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ನಾನು ರೇಡಿಯಾಲಜಿಸ್ಟ್. ವಾರದ ಕೆಲವು ದಿನ ಇಲ್ಲಿ, ಉಳಿದ ದಿನ ಮಕ್ತಲ್ ಮತ್ತು ಗದ್ವಾಲದಲ್ಲಿ ಬಸುರಿಯರ ಸ್ಕ್ಯಾನಿಂಗ್. ನಾನಿಲ್ಲದ ದಿನ ಇಲ್ಲಿ ತೆಗೆದ ಚಿತ್ರಗಳು ಇಂಟರ್ನೆಟ್ಟಿನಲ್ಲಿ ಹೈದರಾಬಾದಿಗೆ ಹೋಗುತ್ತವೆ. ಅಲ್ಲಿ ಕೂತ ಡಾಕ್ಟರೊಬ್ಬರು ಓದಿ ವರದಿ ಕಳಿಸುತ್ತಾರೆ. ಈ ಅಕ್ಕನ ಸ್ಕ್ಯಾನ್ ಆದದ್ದು ನಾನು ಗದ್ವಾಲಕ್ಕೆ ಹೋಗಿದ್ದ ದಿನ. ಕಣ್ಣು ಹಾಯಿಸದೆ ಪ್ರಿಂಟ್ ಒತ್ತುವ ಜಾಯಮಾನ ನನ್ನದಲ್ಲವಾದ್ದರಿಂದ ಚಿತ್ರ ತೆರೆದು ನೋಡಿದೆ.

ಎಡ ಶ್ವಾಸಕೋಶದ ಮೇಲುಭಾಗದಲ್ಲಿ ದೊಡ್ಡದೊಂದು ಬಿಳಿ ಗಡ್ಡೆ. ಅದರ ಮೇಲೆಲ್ಲ ಬಿಳಿ, ಕಪ್ಪು ಗೆರೆಗಳು. ಮಕ್ಕಳು ಸೂರ್ಯನ ಚಿತ್ರ ಬರೆದು ಸುತ್ತ ಕಿರಣ ಎಳೆಯುತ್ತಾರಲ್ಲ, ಹಾಗೆ ಎದೆಯ ಚರ್ಮದ ಮೇಲಿನ ಒಂದು ಬಿಂದುವಿನಿಂದ ಹೊರಟು, ಗಡ್ಡೆಯನ್ನು ದಾಟಿ, ಹೃದಯದ ದೊಡ್ಡ ರಕ್ತನಾಳಗಳವರೆಗೆ ಹರಡಿದ್ದವು. ಲೋಹವಿದ್ದರೆ ಚಿತ್ರ ಹೀಗೆ ಕೆಡುತ್ತದೆ. ಗಡ್ಡೆ ಎಲ್ಲಿ ಮುಗಿಯಿತು, ಅದರ ಪಕ್ಕದ್ದು ಎಲ್ಲಿ ಶುರುವಾಯಿತು ಎಂದು ಯಾವ ಕಣ್ಣೂ ಹೇಳುವಂತಿರಲಿಲ್ಲ. ವರದಿಯಲ್ಲಿ ಮಾತ್ರ ಅಳತೆ ಸ್ಪಷ್ಟವಾಗಿ ಕೂತಿತ್ತು: ಏಳೂವರೆ ಸೆಂಟಿಮೀಟರ್, ಎದೆಯ ನಡುಭಾಗದೊಳಗೆ ನುಗ್ಗಿರುವ ಸಾಧ್ಯತೆ.

ಈ ಅಂಕಿಯ ತೂಕ ಓದುಗರಿಗೆ ಗೊತ್ತಾಗಬೇಕು. ಶ್ವಾಸಕೋಶದ ಕ್ಯಾನ್ಸರ್ ಯಾವ ಹಂತದಲ್ಲಿದೆ ಎಂದು ತೀರ್ಮಾನಿಸುವಾಗ ಗಡ್ಡೆಯ ಗಾತ್ರಕ್ಕೆ ದೊಡ್ಡ ಪಾಲು. ಮೂರು ಸೆಂಟಿಮೀಟರಿನೊಳಗೆ ಒಂದು ಮೆಟ್ಟಿಲು, ಐದರೊಳಗೆ ಇನ್ನೊಂದು, ಏಳರೊಳಗೆ ಮತ್ತೊಂದು. ಏಳು ದಾಟಿತೋ, ಇಲ್ಲವೆ ನಡುಭಾಗದ ರಕ್ತನಾಳಗಳೊಳಗೆ ನುಗ್ಗಿತೋ, ಅದು ಕೊನೆಯ ಮೆಟ್ಟಿಲು. ಬೇರೆಲ್ಲೂ ಹರಡಿಲ್ಲದಿದ್ದರೆ, ಐದರೊಳಗಿನ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕುವ ಮಾತಾಡುತ್ತಾರೆ. ಕೊನೆಯ ಮೆಟ್ಟಿಲಿನಲ್ಲಿದ್ದವರಿಗೆ ಬಹಳ ಸಲ ನೋವು ಕಡಿಮೆ ಮಾಡುವ ಮಾತಷ್ಟೇ ಉಳಿಯುತ್ತದೆ.

"ಬಯಾಪ್ಸಿ ಆತ್ರಿ. ಅದೇ ಅಂತ ಬಂತು," ಎಂದರು ತಮ್ಮ. "ಗಡ್ಡಿ ಭಾಳ ದೊಡ್ಡದೈತಿ, ಆಪರೇಶನ್ ಆಗಂಗಿಲ್ಲ ಅಂದ್ರು ಎದಿ ಡಾಕ್ಟ್ರು. ಆ ಏಳೂವರಿ ಅನ್ನೋದು ಕೇಳಿದಾಗಿಂದ ನಮ್ಮ ಮನ್ಯಾಗ ಯಾರೂ ಹೊಟ್ಟಿ ತುಂಬ ಉಂಡಿಲ್ರಿ."

"ಸ್ಕ್ಯಾನ್ ಮಾಡೋವಾಗ ಮೈಮ್ಯಾಲೆ ಏನಿತ್ತು?"

"ಬಂಗಾರ ಎಲ್ಲಾ ತಗದು ನನ್ನ ಕೈಯಾಗ ಕೊಟ್ಟಿದ್ಲು. ಲಿಂಗ ಒಂದಿತ್ತು. ಅದನ್ನ ತಗಿಯಂಗಿಲ್ಲಲ್ರಿ."

ದೀಕ್ಷೆಯಾದವರು ಕೊರಳಿಂದ ಇಳಿಬಿಟ್ಟುಕೊಳ್ಳುವ ಇಷ್ಟಲಿಂಗ. ಲಿಂಗ ಕಲ್ಲಿನದು, ಆದರೆ ಅದನ್ನಿಡುವ ಕಾಯಿ ಗಟ್ಟಿ ಬೆಳ್ಳಿಯದು. ಆ ಗೆರೆಗಳ ತವರು ಎಲ್ಲಿ ಎನ್ನುವುದು ನನಗೆ ತಿಳಿದುಹೋಯಿತು.

"ಫಿಲ್ಮ್ ಕೊಡ್ತೀನಿ. ಆದ್ರೆ ಈ ಅಳತಿ ಮ್ಯಾಲೆ ನನಗ ನಂಬಿಕಿ ಇಲ್ಲ. ಇನ್ನೊಮ್ಮೆ ಸ್ಕ್ಯಾನ್ ಮಾಡಬೇಕು," ಎಂದೆ.

ಅವರ ಮುಖ ಬಿಗಿಯಿತು. "ಸಣ್ಣದಾಗ್ತೈತೇನ್ರಿ?"

"ಗೊತ್ತಿಲ್ಲ. ಏಳೂವರೆನೇ ಇದ್ರೂ ಇರಬಹುದು."

"ಹಂಗಿದ್ರ ಬ್ಯಾಡ್ರಿ. ಒಮ್ಮೆ ಆಸೆ ಬಿಟ್ಟು ಕುಂತೀವಿ. ಮತ್ತ ಆಸೆ ಹಚ್ಚಿ ಮತ್ತ ಕಸಗೋಬ್ಯಾಡ್ರಿ." ಇಷ್ಟು ಹೇಳಿ ಫಿಲ್ಮು ತೆಗೆದುಕೊಂಡು ಹೊರಟೇಹೋದರು.

ನನಗೆ ಮೈ ಉರಿಯಿತು. ಅವರ ಮೇಲಲ್ಲ, ಆ ಗೆರೆಗಳ ಮೇಲೆ. ಟೆಕ್ನಿಷಿಯನ್‌ನನ್ನು ಕರೆದೆ. ನಾರ್ವ ಕಡೆಯ ಹುಷಾರು ಮನುಷ್ಯ, ಅವನ ಕೊರಳಲ್ಲೂ ಲಿಂಗವಿದೆ. ಚಿತ್ರ ತೋರಿಸುವ ಮೊದಲೇ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡ.

"ನಾನೇ ಸರಿಸಿದ್ದೆ ಮೇಡಂ. ನಟ್ಟನಡುವ ಎದಿ ಮ್ಯಾಲಿತ್ತು. ಅಡ್ಡ ಬರಬಾರದಂತ ಶರಣು ಮಾಡಿ ಎಡಕ್ಕ ಸರಿಸಿದೆ. ಗಡ್ಡಿ ಅಲ್ಲೇ ಐತಿ ಅಂತ ಯಾರಿಗ್ ಗೊತ್ತಿತ್ರಿ?"

"ತೆಗೀರಿ ಅಂತ ಹೇಳಬಾರದಾಗಿತ್ತೇನು?"

"ಹ್ಯಾಂಗ ಹೇಳ್ಲಿರಿ? ನಮ್ಮವ್ವಗ ಹೇಳಿದಂಗ ಆಕ್ಕೈತಿ."

ಬೈಗುಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ನಾನು ಮಂತ್ರಾಲಯದ ಕಡೆಯ ಮಡಿ ಮನೆಯಲ್ಲಿ ಬೆಳೆದವಳು. ಮಡಿಯುಟ್ಟ ಅಜ್ಜಿಯನ್ನು ಮುಟ್ಟಿ ಮೈಲಿಗೆ ಮಾಡು ಎಂದು ನನಗೆ ಯಾರಾದರೂ ಹೇಳಿದ್ದರೆ ನಾನು ಮುಟ್ಟುತ್ತಿದ್ದೆನೇ? ದೊಡ್ಡ ಊರಿನಲ್ಲಾಗಿದ್ದರೆ 'ತೆಗೀರಿ' ಎಂದು ಗದರಿಸುತ್ತಿದ್ದರು, ಆಕೆ ಸ್ಕ್ಯಾನೇ ಬೇಡವೆಂದು ಎದ್ದು ಹೋಗುತ್ತಿದ್ದರು. ಇಲ್ಲಿ ಭಕ್ತಿ ಹೆಚ್ಚಾಗಿ ಚಿತ್ರ ಕೆಟ್ಟಿತ್ತು. ಬೈಗುಳ ನುಂಗಿಕೊಂಡೆ.

ಹೈದರಾಬಾದಿನ ಡಾಕ್ಟರಿಗೆ ಫೋನ್ ಮಾಡಿದೆ. "ವರದಿಯ ಕೊನೆಯ ಸಾಲು ಓದಿದಿರಾ ಮೇಡಂ?" ಎಂದರು ಅವರು. ಓದಿದೆ. ಲೋಹದ ಅಡ್ಡಿಯಿಂದಾಗಿ ಅಳತೆ ಖಚಿತವಲ್ಲ ಎಂದು ಬರೆದಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಹ ಸಾಲು ಅದು, ಮೇಲಿನ ಏಳೂವರೆ ನೋಡಿದವರು ಅಲ್ಲಿಯವರೆಗೆ ಇಳಿಯುವುದೇ ಇಲ್ಲ. ಆದರೂ ಮನುಷ್ಯ ಸರಳ. ಹೊಸ ಚಿತ್ರ ತೆಗೆದರೆ ತಾವೂ ಅಳೆಯುವುದಾಗಿ, ನನ್ನ ಅಳತೆ ತಮಗೆ ಮೊದಲೇ ಹೇಳಬಾರದೆಂದು ಹೇಳಿದರು. ಎದೆಯ ಡಾಕ್ಟರೂ ಒಪ್ಪಿದರು. ಶುದ್ಧ ಚಿತ್ರ ಸಿಕ್ಕು, ಗಡ್ಡೆ ಐದರೊಳಗಿದ್ದರೆ, ಶಸ್ತ್ರಚಿಕಿತ್ಸಕರ ಹತ್ತಿರ ತಾವೇ ಕಳಿಸುವುದಾಗಿ ಹೇಳಿದರು.

ಇನ್ನು ಉಳಿದದ್ದು ಮಕ್ತಲಿನಲ್ಲಿದ್ದ ಆ ಅಕ್ಕ. ನನ್ನ ಮಕ್ತಲ್ ದಿನ ಬಂದಾಗ ಕೆಲಸ ಮುಗಿಸಿ ಅವರ ಮಂಡಾಳ ಭಟ್ಟಿ ಹುಡುಕಿಕೊಂಡು ಹೋದೆ. ಉಸುಕು ಕಾಯಿಸಿ ಅಕ್ಕಿ ಅರಳಿಸಿ ಮಂಡಾಳ, ಅಂದರೆ ಮಂಡಕ್ಕಿ, ಮಾಡುವ ಜಾಗ. ಒಲೆಗೆ ಭತ್ತದ ಹೊಟ್ಟು ಸುರಿಯುತ್ತಿದ್ದರು, ಹೊಗೆ ಮೆತ್ತಿ ಸೂರೂ ಗೋಡೆಯೂ ಕರ್ರಗಾಗಿದ್ದವು. ಆಕೆ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು ಕೆಲಸದವರ ಮೇಲೆ ಕಣ್ಣಿಟ್ಟಿದ್ದರು. ದಪ್ಪ ಮೈ, ಜೋರು ದನಿ, ನಡುನಡುವೆ ಕೆಮ್ಮು.

ನಾನು ಯಾರೆಂದು ಹೇಳಿದ ಕೂಡಲೇ ಚಹಾ ತರಿಸಿದರು.

"ನನ್ನ ತಮ್ಮಗ ಕ್ಯಾನ್ಸರ್ ಅನ್ನಾಕ ಬಾಯಿ ಬರಂಗಿಲ್ಲ. 'ಅದು, ಅದು' ಅಂತಾನ. ಏನ್ ದೆವ್ವ ಬಡದೈತೇನೋ ನನಗ ಅಂತ ಕೇಳ್ದೆ," ಎಂದು ನಕ್ಕರು. ನಗುತ್ತಲೇ ಕೆಮ್ಮಿದರು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಅಂಕಿ ತಪ್ಪಿರಬಹುದು, ಸರಿಯೂ ಇರಬಹುದು. ತಪ್ಪಿದ್ದರೆ ಆಪರೇಶನ್ನಿಗೆ ದಾರಿಯಿದೆ. ತಿಳಿಯಬೇಕಾದರೆ ಇನ್ನೊಂದು ಸ್ಕ್ಯಾನ್ ಬೇಕು, ಆಗ ಲಿಂಗ ಎದೆಯ ಮೇಲೆ ಇರಬಾರದು.

"ಅದಾಗಂಗಿಲ್ಲ ಬಿಡ್ರಿ," ಎಂದರು ಥಟ್ಟನೆ. ನಗು ಮಾಯವಾಗಿತ್ತು. "ಜೀವ ಇರೋತನಕ ಮೈ ಬಿಡಬ್ಯಾಡ ಅಂತ ಕಟ್ಯಾರ. ಒಂದು ಫೋಟೋಕ್ಕ ಬಿಡ್ಲ್ಯಾ? ಬಿಟ್ಟು ಬದುಕಿ ಏನ್ ಮಾಡ್ಲಿ?"

ಆ ದನಿಯ ಮುಂದೆ ವಾದ ನಡೆಯುವುದಿಲ್ಲ ಎಂದು ನನಗೆ ಗೊತ್ತಾಯಿತು. ಒಂದೊಂದೇ ಉಪಾಯ ಹೇಳುತ್ತಾ ಹೋದೆ. ಬೆನ್ನ ಹಿಂದೆ ಹಾಕಿಕೊಂಡರೆ? ಮಲಗಿದಾಗ ಬೆನ್ನಿಂದ ಗೆರೆ ಏಳುತ್ತವೆ, ನಾನೇ ಬೇಡವೆಂದೆ. ಕೊರಳ ಹತ್ತಿರ ಎತ್ತಿ ಕಟ್ಟಿದರೆ? ಶ್ವಾಸಕೋಶದ ತುದಿ ಅಲ್ಲಿಯವರೆಗೆ ಬರುತ್ತದೆ. ಹೊಟ್ಟೆಯ ಕೆಳಗೆ? "ಹೊಕ್ಕಳದ ಕೆಳಗ ಇಳಿಬಾರದ್ರಿ," ಎಂದರು ಆಕೆ. ಲೋಹದ ಗೆರೆ ಅಳಿಸುವ ಸಾಫ್ಟ್‌ವೇರ್ ನಮ್ಮ ಹಳೆಯ ಯಂತ್ರದಲ್ಲಿಲ್ಲ, ಇದ್ದರೂ ಗಡ್ಡೆಯ ಅಂಚಿನ ವಿಷಯದಲ್ಲಿ ನಾನು ಅದನ್ನು ನಂಬುವವಳಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಸುಮ್ಮನೆ ಮಾತಿಗೆಂದು ಕೇಳಿದೆ: "ಕಾಯಿಯಿಂದ ಲಿಂಗ ಎಂದೂ ಹೊರಗ ತೆಗಿಯೋದೇ ಇಲ್ಲೇನು?"

"ತಗೀತೀನಲ್ರಿ, ದಿನಾ ಪೂಜಾದಾಗ. ಎಡಗೈ ಮ್ಯಾಲ ಇಟ್ಕೊಂತೀನಿ."

"ಅವಾಗ ಮೈ ಬಿಟ್ಟಂಗ ಆಗೋದಿಲ್ಲ?"

"ಹ್ಯಾಂಗ ಆಕ್ಕೈತ್ರಿ? ಅಂಗೈ ಮೈ ಅಲ್ಲೇನು?"

ಚಹಾದ ಕಪ್ಪು ಕೆಳಗಿಟ್ಟೆ. ಎದೆಯ ಸ್ಕ್ಯಾನಿನಲ್ಲಿ ನಾವು ಎಲ್ಲರ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಸಿ ಮಲಗಿಸುತ್ತೇವೆ, ತೋಳಿನ ಎಲುಬು ಚಿತ್ರಕ್ಕೆ ಅಡ್ಡ ಬರಬಾರದೆಂದು. ಅಂಗೈ ಯಂತ್ರದ ಕಿರಣದಿಂದ ಬಹಳ ದೂರ ಉಳಿಯುತ್ತದೆ. ಬೆಳ್ಳಿಯ ಕಾಯಿ ತಮ್ಮನ ಕೈಯಲ್ಲಿ, ಲಿಂಗ ಅಕ್ಕನ ಅಂಗೈಯಲ್ಲಿ. ಇಷ್ಟು ವರ್ಷ ಜನರ ಕೈ ಎತ್ತಿಸುತ್ತಾ ಬಂದ ನನಗೆ ಆ ಹೊತ್ತಿನಲ್ಲಿ ಆದ ಖುಷಿ ಹೇಳತೀರದು.

ಆಕೆಗೆ ಅದನ್ನು ಬಿಡಿಸಿ ಹೇಳಿದೆ. ಆಕೆ ಎಡ ಅಂಗೈ ತೆರೆದು ನೋಡಿಕೊಂಡರು. "ಕೈಯಾಗಿಂದ ಜಾರಿ ಬಿದ್ರ?" ಎಂದರು. ಕ್ಯಾನ್ಸರಿನ ಬಗ್ಗೆ ಮಾತಾಡುವಾಗ ಕಾಣದ ಹೆದರಿಕೆ ಆಗ ಅವರ ಮುಖದಲ್ಲಿ ಕಂಡಿತು. ಲಿಂಗ ಬಿದ್ದರೆ ಪ್ರಾಣವೇ ಬಿದ್ದ ಹಾಗೆ ಎಂದು ನಂಬಿದವರು. ಬಿಗಿಯಾಗಿ ಕಟ್ಟೋಣ ಎಂದೆ. ಮನೆತನದ ಗುರು ಅಯ್ಯನವರಿಗೆ ಫೋನ್ ಮಾಡಿ ಕೇಳಿದರು. ಆ ಕಡೆಯಿಂದ ಮೈಗೆ ತಾಗಿರುತ್ತದೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಬಂತು. ತಾಗಿರುತ್ತದೆ ಎಂದಾಗ, ಹೋಗಿ ಮಾಡಿಸಿಕೊಳ್ಳಮ್ಮ ಎಂದರಂತೆ.

ತಮ್ಮನನ್ನು ಒಪ್ಪಿಸುವ ಕೆಲಸ ಆಕೆಯೇ ಮಾಡಿದರು. ಗದ್ವಾಲಕ್ಕೆ ಫೋನ್ ಹಚ್ಚಿ, "ನನ್ನ ಎದಿ, ನನ್ನ ಲಿಂಗ. ನಿಂದೇನೈತೋ ನಡುವ?" ಎಂದದ್ದು ನನಗೆ ಕೇಳಿಸಿತು.

ಚಿತ್ರದಲ್ಲಿ ರಕ್ತನಾಳಗಳು ಹೊಳೆಯಲೆಂದು ಬಣ್ಣದ ಔಷಧಿ ಕೊಡುವ ಮೊದಲು ಮೂತ್ರಪಿಂಡ ನೋಡಬೇಕು, ಆ ಪರೀಕ್ಷೆ ಮಾಡಿಸಿದ್ದಾಗಿತ್ತು, ಸರಿಯಿತ್ತು. ಸ್ಕ್ಯಾನಿನ ದಿನ ಅಕ್ಕ, ತಮ್ಮ ಇಬ್ಬರೂ ನಾರಾಯಣಪೇಟೆಗೆ ಬಂದರು. ಟೆಕ್ನಿಷಿಯನ್ ಕೈಕಾಲು ತೊಳೆದು ಹಣೆಗೆ ವಿಭೂತಿ ಹಚ್ಚಿಕೊಂಡು ಬಂದ. ಆಕೆ ಲಿಂಗವನ್ನು ಒದ್ದೆ ಬಿಳಿ ವಸ್ತ್ರದಲ್ಲಿ ಸುತ್ತಿ ಎಡ ಅಂಗೈ ಮೇಲಿಟ್ಟುಕೊಂಡರು, ಅವನು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯಿಂದ ಅಂಗೈ ಸುತ್ತಿ ಕಟ್ಟಿದ. ನಾನು ದೂರ ನಿಂತಿದ್ದೆ. ಬಣ್ಣದ ಔಷಧಿಯ ಸೂಜಿ ಬಲಗೈಗೇ ಹಾಕಿಸಿದೆ. ಎಡಗೈಗೆ ಹಾಕಿದರೆ ದಟ್ಟ ಔಷಧಿ ಎಡ ರಕ್ತನಾಳದಲ್ಲಿ ಗಡ್ಡೆಯ ಹತ್ತಿರವೇ ಹಾದು, ಬೆಳ್ಳಿಯಷ್ಟೇ ಉಪದ್ರವ ಕೊಡುತ್ತದೆ.

ಮೊದಲು ಔಷಧಿಯಿಲ್ಲದೆ ತಾಲೀಮು. ಅಲ್ಲೇ ಎಡವಿದೆವು. ಉಸಿರು ಪೂರ್ತಿ ಎಳೆದುಕೊಂಡು ಹಿಡಿಯಬೇಕು, ಆದರೆ ಆಕೆ ಎಳೆದ ಕೂಡಲೇ ಕೆಮ್ಮು ಉಕ್ಕುತ್ತಿತ್ತು. ಮತ್ತೆ ಮತ್ತೆ ಅದೇ. ಎಡ ಭುಜವೂ ನೋಯುತ್ತಿತ್ತು. ತೋಳಿನ ಕೆಳಗೆ ದಿಂಬು ಕೊಟ್ಟೆವು, ಕಂಬಳಿ ಸುತ್ತಿ ಇಟ್ಟೆವು. ತಮ್ಮ ಬಾಗಿಲಲ್ಲಿ ನಿಂತು, "ಸಾಕ್ ಮಾಡ್ರಿ ಮೇಡಂ, ಹೈರಾಣ ಆಗ್ಯಾಳ," ಎಂದರು.

"ಭಟ್ಟಿ ಹೊಗಿ ಮುಖಕ್ಕ ಬಂದ್ರೆ ಉಸಿರು ಹ್ಯಾಂಗ ಹಿಡೀತೀರಿ?" ಎಂದು ಆಕೆಯನ್ನು ಕೇಳಿದೆ.

"ಜಗ್ಗಂಗಿಲ್ರಿ. ಇದ್ದಷ್ಟೇ ಸುಮ್ನ ಹಿಡೀತೀನಿ."

"ಹಂಗೇ ಹಿಡೀರಿ."

ಅರ್ಧ ಉಸಿರಿನ ಚಿತ್ರ ಪುಸ್ತಕದ ಪ್ರಕಾರ ಉತ್ತಮವಲ್ಲ. ಆದರೆ ಗಟ್ಟಿ ಗಡ್ಡೆ ಉಸಿರಿಗೆ ಹೆಚ್ಚು ಹಿಗ್ಗುವುದಿಲ್ಲ, ಅಲುಗಿದ ಚಿತ್ರಕ್ಕಿಂತ ಅದು ಎಷ್ಟೋ ವಾಸಿ. ವರದಿಯಲ್ಲಿ ಬರೆದರಾಯಿತು ಎಂದುಕೊಂಡೆ.

ಔಷಧಿ ಹೋಗುವಾಗ ಮೈಯೆಲ್ಲ ಬೆಚ್ಚಗಾಗುತ್ತದೆ, ಗಾಬರಿಯಾಗಬೇಡಿ ಎಂದು ಎಲ್ಲರಿಗೂ ಹೇಳುವಂತೆ ಹೇಳಿದೆ. "ಭಟ್ಟಿ ಮುಂದ ಕುಂತಾಕಿಗಿ ಬೆಚ್ಚಗಾಗೋದು ಏನ್ ದೊಡ್ಡದ್ರಿ," ಎಂದರು ಆಕೆ.

ಔಷಧಿ ಹೊರಟಿತು. ಗಾಜಿನ ಈ ಕಡೆ ನಾವಿಬ್ಬರೂ ಕಾದೆವು. ಸರಿಯಾದ ಹೊತ್ತು ಹತ್ತಿರ ಬಂದಾಗಲೇ ಆಕೆಗೆ ಕೆಮ್ಮು ಶುರುವಾಯಿತು. ಟೆಕ್ನಿಷಿಯನ್ ಬೆರಳು ಗುಂಡಿಯ ಮೇಲೆ. "ಮೇಡಂ, ಹೊತ್ತಾತ್ರಿ. ಒತ್ಲ್ಯಾ?"

ಒತ್ತಿದರೆ ರಕ್ತನಾಳಗಳು ಹೊಳೆಯುತ್ತವೆ, ಆದರೆ ಎಲ್ಲ ಕದಡಿದ ಚಿತ್ರ. ಬಿಟ್ಟರೆ ಔಷಧಿ ಇಳಿದುಹೋಗಬಹುದು, ಅದೇ ದಿನ ಎರಡನೆಯ ಸಲ ಕೊಡುವ ಹಾಗಿಲ್ಲ. ನನಗೆ ಬೇಕಾದದ್ದು ಏನು ಎಂದು ಕೇಳಿಕೊಂಡೆ. ಹಳೆಯ ಚಿತ್ರ ನೋಡಿದಾಗಿನಿಂದ ನನಗೊಂದು ಅನುಮಾನವಿತ್ತು. ಗಡ್ಡೆ ಒಂದು ಗಾಳಿಕೊಳವೆಯನ್ನು ಮುಚ್ಚಿ, ಅದರ ಆಚೆಯ ಶ್ವಾಸಕೋಶ ಗಾಳಿಯಿಲ್ಲದೆ ಕುಗ್ಗಿ ಗಡ್ಡೆಗೇ ಒತ್ತಿಕೊಂಡಿದ್ದರೆ, ಎರಡೂ ಸೇರಿ ಏಳೂವರೆ ಆಗಿರಬಹುದು. ಕುಗ್ಗಿದ ಶ್ವಾಸಕೋಶ ಬಣ್ಣದ ಔಷಧಿಯನ್ನು ಚೆನ್ನಾಗಿ ಹೀರಿ ಹೊಳೆಯುತ್ತದೆ, ಗಡ್ಡೆ ಮಂದವಾಗಿ ಉಳಿಯುತ್ತದೆ. ಆ ವ್ಯತ್ಯಾಸಕ್ಕೆ ಸ್ವಲ್ಪ ತಡವಾದರೂ ನಡೆಯುತ್ತದೆ.

"ತಡಿ," ಎಂದೆ.

ಉಸಿರು ಹಿಡಿಯಲು ಹೇಳುವ ಯಂತ್ರದ ತೆಲುಗು ಧ್ವನಿಮುದ್ರಿಕೆಯನ್ನು ನಿಲ್ಲಿಸಿ ಮೈಕು ನಾನೇ ಹಿಡಿದೆ. "ಅಮ್ಮಾ, ಕೆಮ್ಮು ಮುಗಿಸ್ಕೊಳ್ರಿ. ಅವಸರ ಏನಿಲ್ಲ." ಶುದ್ಧ ಸುಳ್ಳು, ನನ್ನ ಕಣ್ಣು ಗಡಿಯಾರದ ಮೇಲಿತ್ತು. ಕೆಮ್ಮು ಇಳಿಯಿತು. "ಈಗ ಹೊಗಿ ಬಂತು. ಹಿಡೀರಿ." ಮೇಜು ಸರಿಯಿತು, ಯಂತ್ರ ಗುಂಯ್ ಎಂದಿತು, ಮುಗಿಯಿತು.

ಒಳಗೆ ಹೋದಾಗ ಆಕೆ ಕೇಳಿದ ಮೊದಲ ಮಾತು, "ಐತಿಲ್ರಿ?" ಟೆಕ್ನಿಷಿಯನ್ ಬಟ್ಟೆ ಬಿಚ್ಚಿ ತೋರಿಸಿದ. ಆಕೆ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕಾಯಿಯೊಳಗಿಟ್ಟುಕೊಂಡರು.

ಚಿತ್ರ ತಿಳಿನೀರಿನಂತಿತ್ತು. ಒಂದು ಗೆರೆಯಿಲ್ಲ. ಒಂದು ಕಡೆ ಹೊಳೆಯುವ ಕುಗ್ಗಿದ ಶ್ವಾಸಕೋಶ, ಇನ್ನೊಂದು ಕಡೆ ಮಂದ ಬಣ್ಣದ ಗಡ್ಡೆ, ನಡುವೆ ಸ್ಪಷ್ಟ ಅಂಚು. ಗಡ್ಡೆಗೂ ದೊಡ್ಡ ರಕ್ತನಾಳಕ್ಕೂ ನಡುವೆ ಕೊಬ್ಬಿನ ತೆಳು ಕಪ್ಪು ಪದರ ಎಲ್ಲಿಯೂ ಹರಿಯದೆ ಉಳಿದಿತ್ತು. ನನಗೆ ಕುಣಿಯಬೇಕು ಎನಿಸಿತು. ಆದರೆ ಆಸೆಯಿಟ್ಟುಕೊಂಡು ಅಳೆಯಬಾರದು. ಸಣ್ಣದಿರಲಿ ಎಂದು ಮನಸ್ಸು ಬಯಸಿದರೆ ಪರದೆಯ ಮೇಲಿನ ಬಾಣವೂ ತಾನಾಗಿ ಒಳಕ್ಕೆ ಸರಿಯುತ್ತದೆ. ಎದ್ದು ಹೋಗಿ ಚಹಾ ಕುಡಿದು ಬಂದೆ. ಅಡ್ಡಸೀಳು, ಉದ್ದಸೀಳು, ಮುಂಬದಿಯ ಸೀಳು, ಮೂರರಲ್ಲೂ ತೆಳ್ಳನೆಯ ಪದರಗಳನ್ನಿಟ್ಟು ಅತಿ ಉದ್ದದ ಗೆರೆ ಹುಡುಕಿದೆ. ಎಲ್ಲಕ್ಕಿಂತ ಉದ್ದವಾದದ್ದು ನಾಲ್ಕು ಪಾಯಿಂಟ್ ಆರು. ಅಳಿಸಿ ಮತ್ತೆ ಅಳೆದೆ, ಅದೇ ಬಂತು. ಹೈದರಾಬಾದಿನ ಡಾಕ್ಟರ ಅಳತೆ ನಾಲ್ಕು ಪಾಯಿಂಟ್ ಏಳು. ಇಬ್ಬರ ಕೈಯಲ್ಲಿ ಅಷ್ಟು ಹೆಚ್ಚುಕಡಿಮೆ ಇದ್ದದ್ದೇ.

ಶ್ವಾಸನಾಳದ ಹತ್ತಿರ ಒಂದು ಗ್ರಂಥಿ ಸ್ವಲ್ಪ ಊದಿದಂತಿತ್ತು. ಅದನ್ನೂ ಬರೆದೆ. ಸಿಹಿ ಸುದ್ದಿಗೆ ಕಹಿ ಬೆರೆಸಲು ಕೈ ಹಿಂಜರಿಯಿತು, ಆದರೆ ಬಿಟ್ಟರೆ ನನ್ನ ವರದಿಯೂ ಇನ್ನೊಂದು ಮೋಸವಾಗುತ್ತಿತ್ತು.

ತಮ್ಮನನ್ನು ಕೂರಿಸಿ ಎರಡನ್ನೂ ಹೇಳಿದೆ. ಗ್ರಂಥಿಯ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ. "ಏಳೂವರಿ ಹೋತೇನ್ರಿ?" ಎಂದರು.

"ಹೋತು. ಐದರೊಳಗ ಅದ. ಆದ್ರೆ ಇನ್ನೂ ಪರೀಕ್ಷೆ ಅವ, ಹೈದರಾಬಾದಿಗೆ ಹೋಗಬೇಕು."

ಹೆಗಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅತ್ತು ಮುಗಿಸಿ ಯಾರಿಗೋ ಫೋನ್ ಹಚ್ಚಿ ತೆಲುಗಿನಲ್ಲಿ ಹೈದರಾಬಾದಿಗೆ ಗಾಡಿ ಮಾತಾಡಿದರು.

ಆಮೇಲಿನದು ನನ್ನ ಕೈಯಲ್ಲಿರಲಿಲ್ಲ. ಹೈದರಾಬಾದಿನಲ್ಲಿ ಮೈಯೆಲ್ಲ ನೋಡುವ ಪೆಟ್ ಸ್ಕ್ಯಾನ್ ಆಯಿತು, ಗ್ರಂಥಿಗೆ ಸೂಜಿ ಹಾಕಿ ನೋಡಿದರು, ಕ್ಯಾನ್ಸರ್ ಇರಲಿಲ್ಲ. ಎಡ ಶ್ವಾಸಕೋಶದ ಮೇಲುಭಾಗ ತೆಗೆದರು. ಆಮೇಲೆ ಕೀಮೋ ಕೊಟ್ಟರು. ಆಗ ಕೂದಲು ಉದುರಿತು, ಬಾಯಿ ರುಚಿ ಕೆಟ್ಟಿತು, ಒಂದು ಹಂತದಲ್ಲಿ ಆಕೆ ಸಾಕು ಎಂದು ಹಟ ಹಿಡಿದರಂತೆ. ಪ್ರತಿ ಸಲ ಮಕ್ತಲಿಗೆ ಹೋದಾಗ ನಾನು ಭಟ್ಟಿಯ ಕಡೆಯಿಂದ ಸುದ್ದಿ ಕೇಳಿಕೊಂಡು ಬರುತ್ತಿದ್ದೆ. ಹೆದರಿಕೆಯಂತೂ ಇದ್ದೇ ಇತ್ತು.

ಚಿಕಿತ್ಸೆಯೆಲ್ಲ ಮುಗಿದ ಮೇಲಿನ ಮೊದಲ ಸ್ಕ್ಯಾನಿಗೆ ಅವರು ನಾರಾಯಣಪೇಟೆಗೇ ಬರುತ್ತೇವೆಂದು ಹಟ ಮಾಡಿ ಬಂದರು. ಆಕೆ ತೆಳ್ಳಗಾಗಿದ್ದರು, ಆದರೆ ದನಿ ಅದೇ ಜೋರು. ಸ್ಕ್ಯಾನ್ ಮುಗಿಸಿ, ಆಕೆ ಒಳಗೆ ಸೀರೆ ಸರಿಪಡಿಸಿಕೊಳ್ಳುತ್ತಿದ್ದಾಗ ನಾನು ಪದರ ಪದರವಾಗಿ ನೋಡಿದೆ. ತೆಗೆದ ಭಾಗದ ಜಾಗಕ್ಕೆ ಕೆಳಗಿನ ಭಾಗ ಹಿಗ್ಗಿ ಮೇಲೆ ಬಂದಿತ್ತು. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಹುಡುಕಿದೆ. ಅಳೆಯುವ ಗೆರೆ ಇಡಲು ಜಾಗವೇ ಸಿಗಲಿಲ್ಲ.

ತಮ್ಮ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರಲು ಧೈರ್ಯವಿರಲಿಲ್ಲ. "ಈಗ ಎಷ್ಟೈತ್ರಿ ಮೇಡಂ?"

"ಅಳಿಲಿಕ್ಕೆ ಏನೂ ಇಲ್ಲ."

"ಅಂದ್ರ?"

"ಮುಂದ ಮತ್ತ ಮತ್ತ ತೋರಿಸ್ತಾ ಇರಬೇಕು, ಅದು ಬ್ಯಾರೆ ಮಾತು. ಇವತ್ತು ಮಾತ್ರ ಏನೂ ಇಲ್ಲ."

ಅವರು ಒಳಗೆ ಬಂದು ಅಕ್ಕನಿಗೆ ಕುರ್ಚಿ ಎಳೆದಿಟ್ಟರು. "ಇರ್ರಿ, ಆಕಿ ಬರ್ಲಿ," ಎಂದರು. "ನಾನು ಹೇಳಿದ್ರ ಸಮಾಧಾನಕ್ಕ ಹೇಳ್ತಾನ ಅಂತಾಳ. ಆಕಿ ಮುಂದ ನೀವೇ ಇನ್ನೊಮ್ಮೆ ಹೇಳ್ರಿ."

ಆಕೆ ಬಂದು ಕುರ್ಚಿಯಲ್ಲಿ ಕೂತರು. ನಾನು ಇನ್ನೊಮ್ಮೆ ಹೇಳಿದೆ.